ಮನೆಯ ವೈ-ಫೈ ರೂಟರ್ ಮತ್ತು ಯುಸಿಐ ಆಜ್ಞೆಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಆರಿಸಿಕೊಂಡ ಪ್ರಶ್ನೆಗಳೆಲ್ಲವೂ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶವನ್ನು ಮನೆಯ ರೂಟರಿಗೆ ಹಾಕಿಕೊಂಡಿರುವವರಿಂದ, ಇಲ್ಲವೇ ಹಾಕಿಕೊಳ್ಳಬೇಕೆಂದಿರುವವರಿಂದ ಬಂದಿವೆ. ಉತ್ತರಗಳಲ್ಲಿ ಬರುವ ಆಜ್ಞೆಗಳನ್ನು ಓದುವ ಹಾಗೆ ಕನ್ನಡ ಲಿಪಿಯಲ್ಲಿ ಬರೆದಿದ್ದೇವೆ. ರೂಟರಿಗೆ ಟೈಪ್ ಮಾಡುವಾಗ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ಚುಕ್ಕಿ, ಸಮಚಿಹ್ನೆ ಮತ್ತು ಉದ್ಧರಣ ಚಿಹ್ನೆಗಳನ್ನು ಇಲ್ಲಿರುವಂತೆಯೇ ಉಳಿಸಿಕೊಂಡು ಬರೆಯಬೇಕು. ದೊಡ್ಡ ಅಕ್ಷರ ಬೇಕಾದ ಕಡೆ ಬೇರೆಯಾಗಿ ಹೇಳಿದೆ.

ಪ್ರಶ್ನೆ: ನಾನು ಶಾಲಾ ಶಿಕ್ಷಕ. ಗೆಳೆಯರೊಬ್ಬರು ನನ್ನ ಹಳೆಯ ರೂಟರಿಗೆ ಓಪನ್‌ಡಬ್ಲ್ಯುಆರ್‌ಟಿ ಹಾಕಿಕೊಟ್ಟರು. ಬ್ರೌಸರಿನಲ್ಲಿ ತೆರೆದುಕೊಳ್ಳುವ ಲೂಸಿ ಎಂಬ ಪುಟದಲ್ಲಿ ಎಲ್ಲ ಸೆಟ್ಟಿಂಗುಗಳೂ ಸಿಗುತ್ತವೆ. ಹೀಗಿದ್ದೂ ‘ಯುಸಿಐ ಕಲಿತುಕೊಳ್ಳಿ’ ಎಂದು ಅವರು ಒತ್ತಾಯಿಸುತ್ತಾರೆ. ಅದು ಏನು, ನನ್ನಂಥವರಿಗೆ ಅದರಿಂದ ಏನು ಪ್ರಯೋಜನ? (ಶಿವಮೊಗ್ಗ)

ಉತ್ತರ: ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಎಂಬ ರೂಟರ್ 2002ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದಿತು. ಅದರೊಳಗೆ ನಡೆಯುತ್ತಿರುವುದು ಲಿನಕ್ಸ್ ಎಂಬುದು ಬಳಕೆದಾರರಿಗೆ ಗೊತ್ತಾದ ಮೇಲೆ, ಲಿನಕ್ಸಿನ ಪರವಾನಗಿಯ ನಿಯಮದಂತೆ ಅದರ ಮೂಲ ಸಂಕೇತವನ್ನು 2003ರಲ್ಲಿ ಬಹಿರಂಗಪಡಿಸಬೇಕಾಯಿತು. ಆ ಸಂಕೇತವನ್ನು ಬುನಾದಿಯಾಗಿಟ್ಟುಕೊಂಡು 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಯೋಜನೆ ಹುಟ್ಟಿತು. ಹೆಸರಿನಲ್ಲಿರುವ ‘ಡಬ್ಲ್ಯುಆರ್‌ಟಿ’ ಆ ರೂಟರಿನ ನೆನಪೇ. ಆರಂಭದ ಆವೃತ್ತಿಗಳಲ್ಲಿ ಸೆಟ್ಟಿಂಗುಗಳೆಲ್ಲ ಎನ್‌ವಿರ್ಯಾಮ್ ಎಂಬ ಸ್ಮೃತಿಭಾಗದಲ್ಲಿ ಒಂದರ ಹಿಂದೊಂದು ಹೆಸರು ಮತ್ತು ಮೌಲ್ಯಗಳ ಜೋಡಿಯಾಗಿ ಕೂತಿರುತ್ತಿದ್ದವು. 2007ರಲ್ಲಿ ಬಂದ ಕಾಮಿಕಾಜೆ ಆವೃತ್ತಿಯಿಂದ ಅವುಗಳ ಜಾಗದಲ್ಲಿ ಓದಬಹುದಾದ ಸರಳ ಪಠ್ಯದ ಕಡತಗಳು ಬಂದವು. ಆ ಕಡತಗಳ ಏಕರೂಪದ ವ್ಯವಸ್ಥೆಗೆ ಯುಸಿಐ ಎಂದು ಹೆಸರು. ಅವುಗಳನ್ನು ಓದುವ, ತಿದ್ದುವ ಆಜ್ಞೆಗೂ ಅದೇ ಹೆಸರು.

‘ಏಕರೂಪ’ ಎಂಬ ಮಾತಿಗೆ ಇಲ್ಲಿ ತೂಕವಿದೆ. ರೂಟರಿನೊಳಗೆ ಐಪಿ ವಿಳಾಸ ಹಂಚುವುದಕ್ಕೆ ಒಂದು ಪ್ರೋಗ್ರಾಮು, ವೈ-ಫೈ ಪಾಸ್‌ವರ್ಡ್ ಪರೀಕ್ಷಿಸುವುದಕ್ಕೆ ಇನ್ನೊಂದು, ಬೇಡದ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್‌ಗೆ ಮತ್ತೊಂದು ಇರುತ್ತವೆ. ಪ್ರತಿಯೊಂದೂ ಬೇರೆ ಬೇರೆ ಜನ ಬರೆದದ್ದಾದ್ದರಿಂದ ಪ್ರತಿಯೊಂದರ ಸೆಟ್ಟಿಂಗ್ ಬರೆಯುವ ಕ್ರಮವೂ ಬೇರೆ. ಯುಸಿಐ ಇವೆಲ್ಲಕ್ಕೂ ಒಂದೇ ವ್ಯಾಕರಣವನ್ನು ಕೊಟ್ಟಿತು. /ಇಟಿಸಿ/ಕಾನ್ಫಿಗ್ ಎಂಬ ಫೋಲ್ಡರಿನಲ್ಲಿ ವೈರ್‌ಲೆಸ್, ನೆಟ್‌ವರ್ಕ್, ಡಿಎಚ್‌ಸಿಪಿ, ಫೈರ್‌ವಾಲ್, ಸಿಸ್ಟಮ್ ಎಂಬ ಕಡತಗಳಿವೆ; ಒಂದೊಂದು ಕಡತದಲ್ಲಿ ಕೆಲವು ವಿಭಾಗಗಳು, ಒಂದೊಂದು ವಿಭಾಗದಲ್ಲಿ ಕೆಲವು ಆಯ್ಕೆಗಳು. ಕಡತ, ಚುಕ್ಕಿ, ವಿಭಾಗ, ಚುಕ್ಕಿ, ಆಯ್ಕೆ ಎಂಬ ಮೂರು ತುಂಡಿನ ವಿಳಾಸ ತಿಳಿದರೆ ರೂಟರಿನ ಯಾವ ಸೆಟ್ಟಿಂಗನ್ನಾದರೂ ಹುಡುಕಿ ಹಿಡಿಯಬಹುದು. ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ (ಇನ್ನೊಂದು ಯಂತ್ರಕ್ಕೆ ದೂರದಿಂದಲೇ ಆಜ್ಞೆ ಕೊಡುವ ಪ್ರೋಗ್ರಾಮು) ಮೂಲಕ 192.168.1.1 ವಿಳಾಸಕ್ಕೆ ರೂಟ್ ಎಂಬ ಹೆಸರಿನಲ್ಲಿ ಪ್ರವೇಶಿಸಿ ‘ಯುಸಿಐ ಶೋ ವೈರ್‌ಲೆಸ್’ ಎಂದು ಟೈಪ್ ಮಾಡಿ ನೋಡಿ. ನಿಮ್ಮ ವೈ-ಫೈ ಬಗ್ಗೆ ರೂಟರಿಗೆ ತಿಳಿದಿರುವುದೆಲ್ಲ ಒಂದು ಪರದೆಯಷ್ಟು ಸಾಲುಗಳಲ್ಲಿ ಕಣ್ಣೆದುರಿಗೆ ಬರುತ್ತದೆ.

ಲೂಸಿ ಪುಟ ಬರೆಯುವುದು ಕೂಡ ಇದೇ ಕಡತಗಳಿಗೆ. ಆದ್ದರಿಂದ ಎರಡನ್ನೂ ಬಳಸಿದರೆ ತೊಂದರೆ ಇಲ್ಲ. ನಿಮ್ಮ ಗೆಳೆಯರು ಒತ್ತಾಯಿಸುವುದಕ್ಕೆ ನಾನು ಕಂಡಂತೆ ಇರುವ ಕಾರಣ ಇದು: ಪುಟದಲ್ಲಿ ಒತ್ತಿದ ಗುಂಡಿಗಳು ನೆನಪಿನಲ್ಲಿ ಉಳಿಯುವುದಿಲ್ಲ, ಬರೆದ ಸಾಲುಗಳು ನೋಟ್‌ಬುಕ್ಕಿನಲ್ಲಿ ಉಳಿಯುತ್ತವೆ. ಇಂದು ಮಾಡಿದ ನಾಲ್ಕು ಬದಲಾವಣೆಗಳನ್ನು ನಾಲ್ಕು ಸಾಲುಗಳಾಗಿ ಬರೆದಿಟ್ಟುಕೊಂಡರೆ, ಮುಂದಿನ ವರ್ಷ ರೂಟರ್ ಬದಲಿಸಿದಾಗ ಹೆಸರುಗಳನ್ನು ಸರಿಹೊಂದಿಸಿಕೊಂಡು ಅವನ್ನೇ ಮತ್ತೆ ಬಳಸಬಹುದು. ದೂರದಲ್ಲಿರುವ ತಿಳಿದವರೊಬ್ಬರ ಸಹಾಯ ಕೇಳುವಾಗಲೂ ಹತ್ತು ಚಿತ್ರಗಳಿಗಿಂತ ಒಂದು ಪಠ್ಯ ಸ್ಪಷ್ಟವಾಗಿರುತ್ತದೆ. ಹಾಗೆ ಕಳುಹಿಸುವ ಮೊದಲು ‘ಕೀ’ ಎಂದಿರುವ ಸಾಲುಗಳನ್ನು ಅಳಿಸುವುದನ್ನು ಮಾತ್ರ ಮರೆಯಬಾರದು. ‘ಯುಸಿಐ ಶೋ’ ನಿಮ್ಮ ವೈ-ಫೈ ಪಾಸ್‌ವರ್ಡನ್ನು ಮುಚ್ಚುಮರೆಯಿಲ್ಲದೆ ತೋರಿಸುತ್ತದೆ.

ಪ್ರಶ್ನೆ: ನಮ್ಮ ಮನೆಗೆ ಇಂಟರ್ನೆಟ್ ಕೊಡುವ ಕಂಪನಿಯವರೇ ಒಂದು ವೈ-ಫೈ ಪೆಟ್ಟಿಗೆ ಕೂರಿಸಿದ್ದಾರೆ. ಅದರಲ್ಲಿ ಈ ಆಜ್ಞೆಗಳು ನಡೆಯುತ್ತವೆಯೇ? (ಕಲಬುರಗಿ)

ಉತ್ತರ: ನಡೆಯುವುದಿಲ್ಲ ಎಂದೇ ತಿಳಿದುಕೊಳ್ಳಿ. ಅಂಥ ಪೆಟ್ಟಿಗೆಗಳಲ್ಲಿ ಕಂಪನಿಯದೇ ತಂತ್ರಾಂಶವಿರುತ್ತದೆ, ಅದನ್ನು ಬದಲಿಸುವ ಪ್ರಯತ್ನವೂ ಬೇಡ. ಆ ಪೆಟ್ಟಿಗೆಯನ್ನು ಹಾಗೆಯೇ ಬಿಟ್ಟು, ಅದರ ಹಿಂದೆ ನಿಮ್ಮದೇ ಆದ ಇನ್ನೊಂದು ರೂಟರನ್ನು ಕೇಬಲ್ಲಿನಿಂದ ಜೋಡಿಸಿಕೊಳ್ಳುವುದು ಸರಿಯಾದ ದಾರಿ. ಕೊಳ್ಳುವ ಮೊದಲು ಓಪನ್‌ಡಬ್ಲ್ಯುಆರ್‌ಟಿಯ ತಾಣದಲ್ಲಿರುವ ಯಂತ್ರಗಳ ಪಟ್ಟಿಯಲ್ಲಿ ಅದರ ಮಾದರಿ ಇದೆಯೇ ಎಂದು ನೋಡಬೇಕು. ಪೆಟ್ಟಿಗೆಯ ತಳದ ಚೀಟಿಯಲ್ಲಿ ಮುದ್ರಿಸಿರುವ ಆವೃತ್ತಿ ಸಂಖ್ಯೆಯೂ ಹೊಂದಬೇಕು, ಏಕೆಂದರೆ ಒಂದೇ ಹೆಸರಿನ ರೂಟರಿನ ಎರಡು ಆವೃತ್ತಿಗಳಲ್ಲಿ ಬೇರೆ ಬೇರೆ ಚಿಪ್ ಇರುವುದುಂಟು. 4 ಎಂಬಿ ಫ್ಲ್ಯಾಶ್ (ವಿದ್ಯುತ್ ಹೋದರೂ ಉಳಿಯುವ ಸ್ಮೃತಿ) ಮತ್ತು 32 ಎಂಬಿ ರ್ಯಾಮ್ (ವಿದ್ಯುತ್ ಹೋದರೆ ಬರಿದಾಗುವ ಸ್ಮೃತಿ) ಇರುವ ಹಳೆಯ ರೂಟರುಗಳಿಗೆ ಈಗಿನ ಆವೃತ್ತಿಗಳು ಹಿಡಿಸುವುದಿಲ್ಲ. 16 ಎಂಬಿ ಫ್ಲ್ಯಾಶ್, 128 ಎಂಬಿ ರ್ಯಾಮ್ ಅಥವಾ ಅದಕ್ಕಿಂತ ಹೆಚ್ಚಿರುವುದನ್ನು ಆರಿಸಿಕೊಳ್ಳಿ. ಇನ್ನೊಂದು ಮಾತು: ಕಂಪನಿಯ ಪೆಟ್ಟಿಗೆಯೂ 192.168.1.1 ವಿಳಾಸವನ್ನೇ ಬಳಸುತ್ತಿದ್ದರೆ ಎರಡಕ್ಕೂ ತಿಕ್ಕಾಟವಾಗಿ ಇಂಟರ್ನೆಟ್ ಬರುವುದಿಲ್ಲ. ಆಗ ‘ಯುಸಿಐ ಸೆಟ್ ನೆಟ್‌ವರ್ಕ್.ಲ್ಯಾನ್.ಐಪಿಅಡ್ರ್’ ಎಂಬಲ್ಲಿ ನಿಮ್ಮ ರೂಟರಿಗೆ 192.168.10.1ರಂಥ ಬೇರೆ ವಿಳಾಸ ಕೊಡಬೇಕು.

ಪ್ರಶ್ನೆ: ಅಕ್ಕಪಕ್ಕದ ಮನೆಗಳ ವೈ-ಫೈ ಗದ್ದಲದಿಂದ ಪಾರಾಗಲು ಚಾನೆಲನ್ನು 6ಕ್ಕೆ ಬದಲಿಸಿದೆ. ‘ಯುಸಿಐ ಗೆಟ್’ ಎಂದು ಕೇಳಿದರೆ ರೂಟರ್ 6 ಎಂದೇ ಹೇಳುತ್ತಿತ್ತು. ಆದರೆ ಫೋನಿನಲ್ಲಿ ನೋಡಿದರೆ ಹಳೆಯ ಚಾನೆಲ್ 1 ಇತ್ತು. ಸಂಜೆ ಕರೆಂಟ್ ಹೋಗಿ ಬಂದ ಮೇಲೆ ರೂಟರ್ ಕೂಡ 1 ಎಂದೇ ಹೇಳತೊಡಗಿತು. ರೂಟರ್ ಕೆಟ್ಟಿದೆಯೇ? (ಹುಬ್ಬಳ್ಳಿ)

ಉತ್ತರ: ರೂಟರ್ ಕೆಟ್ಟಿಲ್ಲ. ಈ ಸಾಧನವನ್ನು ಕಲಿಯುವವರು ಅರ್ಥಮಾಡಿಕೊಳ್ಳಲೇಬೇಕಾದ ವಿಷಯವನ್ನೇ ನೀವು ಮುಟ್ಟಿದ್ದೀರಿ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ನಿಮ್ಮ ಚಾನೆಲ್ ಸಂಖ್ಯೆ ಒಂದೇ ಕಾಲಕ್ಕೆ ಮೂರು ಕಡೆ ಇರುತ್ತದೆ. ಮೊದಲನೆಯದು ಫ್ಲ್ಯಾಶ್ ಸ್ಮೃತಿಯಲ್ಲಿರುವ /ಇಟಿಸಿ/ಕಾನ್ಫಿಗ್/ವೈರ್‌ಲೆಸ್ ಕಡತ. ವಿದ್ಯುತ್ ಹೋದರೂ ಉಳಿಯುವುದು ಇದೊಂದೇ. ಎರಡನೆಯದು ರ್ಯಾಮ್‌ನಲ್ಲಿರುವ, ಇನ್ನೂ ಒಪ್ಪಿಗೆಯಾಗದ ತಿದ್ದುಪಡಿಗಳ ಪಟ್ಟಿ. ಇದು /ಟೆಂಪ್ (ಇಂಗ್ಲಿಷಿನಲ್ಲಿ /tmp) ಫೋಲ್ಡರಿನೊಳಗೆ ಇರುತ್ತದೆ. ಮೂರನೆಯದು ನಿಜವಾಗಿ ಗಾಳಿಯಲ್ಲಿ ಸಂಕೇತ ಕಳುಹಿಸುತ್ತಿರುವ ರೇಡಿಯೊ. ‘ಯುಸಿಐ ಸೆಟ್ ವೈರ್‌ಲೆಸ್.ರೇಡಿಯೊ0.ಚಾನೆಲ್='6'’ ಎಂದು ನೀವು ಬರೆದಾಗ ಬದಲಾದದ್ದು ಎರಡನೆಯದು ಮಾತ್ರ. ‘ಯುಸಿಐ ಗೆಟ್’ ಮೊದಲನೆಯದರ ಮೇಲೆ ಎರಡನೆಯದನ್ನು ಹೊದಿಸಿ ಉತ್ತರ ಹೇಳುವುದರಿಂದ ನಿಮಗೆ 6 ಕಾಣಿಸಿತು. ರೇಡಿಯೊಗೆ ಯಾರೂ ಏನೂ ಹೇಳಿರಲಿಲ್ಲವಾದ್ದರಿಂದ ಫೋನಿಗೆ 1 ಕಾಣಿಸಿತು. ವಿದ್ಯುತ್ ಹೋದಾಗ ರ್ಯಾಮ್ ಬರಿದಾಗಿ ನಿಮ್ಮ ತಿದ್ದುಪಡಿಯೂ ಹೋಯಿತು.

ಹಾಗಾಗಿ ಕೆಲಸ ಮೂರು ಹಂತದ್ದು. ಮೊದಲು ‘ಸೆಟ್’ ಮಾಡಬೇಕು. ಆಮೇಲೆ ‘ಯುಸಿಐ ಕಮಿಟ್ ವೈರ್‌ಲೆಸ್’ ಎಂದರೆ ತಿದ್ದುಪಡಿ ಫ್ಲ್ಯಾಶ್‌ಗೆ ಇಳಿಯುತ್ತದೆ. ಕೊನೆಗೆ ‘ವೈಫೈ ರಿಲೋಡ್’ ಎಂದರೆ ರೇಡಿಯೊ ಹೊಸ ಸೆಟ್ಟಿಂಗನ್ನು ಓದಿಕೊಂಡು ಮತ್ತೆ ಶುರುವಾಗುತ್ತದೆ. ರೇಡಿಯೊ ಯಾವ ಚಾನೆಲ್‌ನಲ್ಲಿದೆ ಎಂಬುದನ್ನು ‘ಯುಸಿಐ ಗೆಟ್’ ಎಂದು ಕೇಳಬೇಡಿ, ‘ಐಡಬ್ಲ್ಯುಇನ್ಫೊ’ ಎಂಬ ಬೇರೆ ಆಜ್ಞೆಯನ್ನು ಕೇಳಿ. ಮೊದಲನೆಯದು ಬರೆದಿಟ್ಟದ್ದನ್ನು ಹೇಳುತ್ತದೆ, ಎರಡನೆಯದು ನಡೆಯುತ್ತಿರುವುದನ್ನು ಹೇಳುತ್ತದೆ.

ಇಷ್ಟು ಸುತ್ತುಬಳಸು ಏಕೆ ಎಂದು ನಿಮಗೆ ಅನಿಸಬಹುದು. ವೈ-ಫೈ ಹೆಸರು, ಪಾಸ್‌ವರ್ಡ್, ಭದ್ರತೆಯ ಬಗೆ ಈ ಮೂರನ್ನೂ ಒಟ್ಟಿಗೆ ಬದಲಿಸುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಒಂದೊಂದು ಸಾಲು ಬರೆದ ಕೂಡಲೇ ಅದು ಜಾರಿಯಾಗುವಂತಿದ್ದರೆ ಮೊದಲ ಸಾಲಿಗೇ ಮನೆಯವರೆಲ್ಲರ ಸಂಪರ್ಕ ಕಡಿದು, ಅರ್ಧ ಬದಲಾದ ರೂಟರ್ ನಿಮ್ಮ ಕೈಯಲ್ಲಿ ಉಳಿಯುತ್ತಿತ್ತು. ಈಗ ಎಲ್ಲ ಸಾಲುಗಳನ್ನೂ ಬರೆದು, ‘ಯುಸಿಐ ಚೇಂಜಸ್’ ಎಂದು ಕೇಳಿ, ನೀವು ಮಾಡಹೊರಟಿರುವುದರ ಪಟ್ಟಿಯನ್ನು ಸಾವಧಾನವಾಗಿ ಓದಿ, ತಪ್ಪು ಕಂಡರೆ ‘ಯುಸಿಐ ರಿವರ್ಟ್ ವೈರ್‌ಲೆಸ್’ ಎಂದು ಎಲ್ಲವನ್ನೂ ಕೈಬಿಡಬಹುದು. ಕಮಿಟ್ ಮಾಡುವ ಮೊದಲು ‘ಚೇಂಜಸ್’ ಓದುವ ಅಭ್ಯಾಸವನ್ನು ಎಲ್ಲ ಓದುಗರೂ ಬೆಳೆಸಿಕೊಳ್ಳಬೇಕೆಂದು ನನ್ನ ಕಳಕಳಿಯ ಕೋರಿಕೆ. ರೂಟರಿನೊಂದಿಗೆ ನಡೆಯುವ ಹೆಚ್ಚಿನ ಅವಘಡಗಳು ಆ ಅರ್ಧ ನಿಮಿಷವನ್ನು ಉಳಿಸಹೋಗಿ ಆದವು. ‘ಯುಸಿಐ ಕಮಿಟ್’ ಎಂದಷ್ಟೇ ಬರೆದರೆ ಎಲ್ಲ ಕಡತಗಳ ಬಾಕಿ ತಿದ್ದುಪಡಿಗಳೂ ಒಟ್ಟಿಗೆ ಇಳಿಯುತ್ತವೆ. ವಾರದ ಹಿಂದೆ ಫೈರ್‌ವಾಲ್‌ನಲ್ಲಿ ಪ್ರಯೋಗಕ್ಕೆಂದು ಬರೆದು ಮರೆತದ್ದೂ ಅದರೊಂದಿಗೆ ಹೋದೀತು. ಕಡತದ ಹೆಸರನ್ನು ಸೇರಿಸಿಯೇ ಕಮಿಟ್ ಮಾಡಿ.

ಕೆಲವು ವಿಭಾಗಗಳಿಗೆ ಹೆಸರೇ ಇರುವುದಿಲ್ಲ. ಅವನ್ನು ‘@ವೈಫೈ-ಐಫೇಸ್[0]’ ಎಂಬಂತೆ ಕ್ರಮಸಂಖ್ಯೆಯಿಂದ ಕರೆಯಬೇಕು, ಎಣಿಕೆ ಸೊನ್ನೆಯಿಂದ ಶುರು. ನಡುವಿನ ಒಂದು ವಿಭಾಗ ಅಳಿಸಿದರೆ ಅದರ ನಂತರದವುಗಳ ಸಂಖ್ಯೆಯೆಲ್ಲ ಒಂದೊಂದು ಕೆಳಗಿಳಿಯುತ್ತದೆ. ಆದ್ದರಿಂದ ನೀವಾಗಿ ಸೇರಿಸುವ ವಿಭಾಗಗಳಿಗೆ ಮೊದಲೇ ಒಂದು ಹೆಸರಿಡುವುದು ಒಳ್ಳೆಯದು.

ಇನ್ನು ಚಾನೆಲ್ 6ರ ಬಗ್ಗೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಚಾನೆಲುಗಳು ಐದೈದು ಮೆಗಾಹರ್ಟ್ಸ್ ಅಂತರದಲ್ಲಿವೆ, ಆದರೆ ಒಂದೊಂದು ವೈ-ಫೈ ಸಂಕೇತಕ್ಕೆ ಸುಮಾರು 20 ಮೆಗಾಹರ್ಟ್ಸ್ ಅಗಲ ಬೇಕು. ಹೀಗಾಗಿ ಒಂದರ ಮೇಲೊಂದು ಬೀಳದೆ ನಿಲ್ಲುವವು 1, 6 ಮತ್ತು 11 ಮಾತ್ರ. ನೆರೆಯವರು 1 ಮತ್ತು 6ರಲ್ಲಿದ್ದಾರೆಂದು ನೀವು 3ಕ್ಕೆ ಹೋದರೆ ಇಬ್ಬರ ಗದ್ದಲವೂ ನಿಮ್ಮ ಪಾಲಿಗೆ ಬರುತ್ತದೆ. ನಿಮ್ಮ ಆಯ್ಕೆ ಸರಿಯಾಗಿದೆ, ಕಮಿಟ್ ಮಾಡಿ.

ಪ್ರಶ್ನೆ: ಮಗಳು ಅಮೆರಿಕದಿಂದ ತಂದುಕೊಟ್ಟ ರೂಟರನ್ನು ಇಲ್ಲಿ ಬಳಸುತ್ತಿದ್ದೇನೆ. ದೇಶದ ಸಂಕೇತ ‘ಯುಎಸ್’ ಎಂದೇ ಇದೆ. ಅದನ್ನು ಬದಲಿಸಬೇಕೇ? (ಮೈಸೂರು)

ಉತ್ತರ: ಬದಲಿಸಬೇಕು. ಯಾವ ಚಾನೆಲುಗಳನ್ನು ಎಷ್ಟು ಶಕ್ತಿಯಲ್ಲಿ ಬಳಸಬಹುದು ಎಂಬುದು ಆಯಾ ದೇಶದ ಕಾನೂನಿಗೆ ಸೇರಿದ್ದು, ರೂಟರ್ ಅದನ್ನು ಈ ಎರಡು ಅಕ್ಷರ ನೋಡಿ ತೀರ್ಮಾನಿಸುತ್ತದೆ. ಅಮೆರಿಕದಲ್ಲಿ 2.4 ಗಿಗಾಹರ್ಟ್ಸ್‌ನಲ್ಲಿ ಬಳಕೆಗೆ ಸಿಗುವುದು ಸಾಮಾನ್ಯವಾಗಿ 1ರಿಂದ 11, ಭಾರತದಲ್ಲಿ 1ರಿಂದ 13. 5 ಗಿಗಾಹರ್ಟ್ಸ್‌ನಲ್ಲಿ ಭಾರತ ಸರ್ಕಾರ 2018ರಲ್ಲಿ ಪರವಾನಗಿಯಿಲ್ಲದೆ ಬಳಸಬಹುದಾದ ಪಟ್ಟಿಗಳನ್ನು ಬಹಳ ವಿಸ್ತರಿಸಿತು. ‘ಯುಸಿಐ ಸೆಟ್ ವೈರ್‌ಲೆಸ್.ರೇಡಿಯೊ0.ಕಂಟ್ರಿ='ಐಎನ್'’ ಎಂದು ಬರೆದು (ಈ ಎರಡು ಅಕ್ಷರಗಳು ದೊಡ್ಡವಾಗಿರಬೇಕು), ಎರಡನೆಯ ರೇಡಿಯೊ ಆದ ರೇಡಿಯೊ1ಕ್ಕೂ ಹಾಗೆಯೇ ಮಾಡಿ, ಕಮಿಟ್ ಮತ್ತು ರಿಲೋಡ್ ಮಾಡಿ. ಕೆಲವು ರೂಟರುಗಳಲ್ಲಿ ಕಾರ್ಖಾನೆಯಲ್ಲೇ ಚಿಪ್‌ಗೆ ಬರೆದ ಮಿತಿಯೊಂದಿರುತ್ತದೆ. ಆಗ ಎರಡು ದೇಶಗಳ ನಿಯಮಕ್ಕೂ ಒಪ್ಪುವ ಚಾನೆಲುಗಳಷ್ಟೇ ಉಳಿಯುತ್ತವೆ. ಹಾಗಾದರೆ 13ನೇ ಚಾನೆಲ್ ಸಿಗಲಿಲ್ಲವೆಂದು ಬೇಸರಿಸಬೇಡಿ, ವಿದೇಶದಲ್ಲಿ ಕೊಂಡ ಕೆಲವು ಫೋನುಗಳಿಗೆ ಆ ಚಾನೆಲ್ ಕಾಣಿಸುವುದೂ ಇಲ್ಲ. ಪ್ರಶ್ನೆಯ ಹೊರಗಿನ ಒಂದು ಮಾತು ಹೇಳಲೇಬೇಕು: ಆ ರೂಟರಿನ ಅಡಾಪ್ಟರ್ ಮೇಲೆ ‘ಇನ್‌ಪುಟ್ 100-240’ ವೋಲ್ಟ್ ಎಂದು ಮುದ್ರಿಸಿದೆಯೇ ನೋಡಿಕೊಳ್ಳಿ. 120 ಎಂದಷ್ಟೇ ಇದ್ದರೆ ನಮ್ಮ ಪ್ಲಗ್ಗಿಗೆ ಹಾಕಬಾರದು.

ಪ್ರಶ್ನೆ: ಮಕ್ಕಳ ಟ್ಯಾಬ್ಲೆಟ್‌ಗೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಇಂಟರ್ನೆಟ್ ಸಿಗದಂತೆ ಫೈರ್‌ವಾಲ್ ನಿಯಮವನ್ನು ಯುಸಿಐ ಮೂಲಕ ಬರೆದೆ. ನಿಯಮ ಕೆಲಸ ಮಾಡುತ್ತದೆ, ಆದರೆ ಬೆಳಗಿನ ಜಾವ ಮೂರೂವರೆಗೆ ಶುರುವಾಗಿ ಹಗಲು ಹನ್ನೊಂದೂವರೆಯವರೆಗೆ ನಡೆಯುತ್ತದೆ. ಕೆಲವು ದಿನ ಕೆಲಸವನ್ನೇ ಮಾಡುವುದಿಲ್ಲ. (ಬೆಳಗಾವಿ)

ಉತ್ತರ: ಐದೂವರೆ ಗಂಟೆಯ ವ್ಯತ್ಯಾಸವೇ ಕಾರಣವನ್ನು ಹೇಳುತ್ತಿದೆ. ನಿಮ್ಮ ರೂಟರಿಗೆ ಭಾರತೀಯ ಕಾಲವಲಯವನ್ನು ತಿಳಿಸಿಲ್ಲ, ಅದು ಜಾಗತಿಕ ಸಮಯದಲ್ಲಿಯೇ ಇದೆ. ‘ಯುಸಿಐ ಸೆಟ್ ಸಿಸ್ಟಮ್.@ಸಿಸ್ಟಮ್[0].ಟೈಮ್‌ಜೋನ್='ಐಎಸ್‌ಟಿ-5:30'’ ಎಂದು ಬರೆಯಬೇಕು (ಐಎಸ್‌ಟಿ ದೊಡ್ಡ ಅಕ್ಷರಗಳಲ್ಲಿ). ಇಲ್ಲಿರುವ ಕಳೆಯುವ ಚಿಹ್ನೆ ಅಚ್ಚಿನ ತಪ್ಪಲ್ಲ. ನಾವು ಐದೂವರೆ ಗಂಟೆ ಮುಂದಿದ್ದೇವೆ, ಆದರೆ ಈ ಬರಹದ ಪದ್ಧತಿಯಲ್ಲಿ ಆ ಸಂಖ್ಯೆ ಸ್ಥಳೀಯ ಸಮಯದಿಂದ ಜಾಗತಿಕ ಸಮಯಕ್ಕೆ ಹೋಗಲು ಎಷ್ಟು ಕೂಡಿಸಬೇಕೆಂಬುದನ್ನು ಸೂಚಿಸುತ್ತದೆ. ಆದ್ದರಿಂದ ಭಾರತಕ್ಕೆ ಋಣಚಿಹ್ನೆ. ಕೂಡುವ ಚಿಹ್ನೆ ಹಾಕಿದರೆ ರೂಟರಿನ ಗಡಿಯಾರ ಹನ್ನೊಂದು ಗಂಟೆ ಹಿಂದೆ ಬೀಳುತ್ತದೆ. ಸಿಸ್ಟಮ್ ಕಡತವನ್ನು ಕಮಿಟ್ ಮಾಡಿದ ಮೇಲೆ ರೂಟರನ್ನೇ ಒಮ್ಮೆ ಮರುಪ್ರಾರಂಭಿಸಿ, ‘ಡೇಟ್’ ಎಂಬ ಆಜ್ಞೆಯಿಂದ ಸಮಯವನ್ನು ಪರೀಕ್ಷಿಸಿಕೊಳ್ಳಿ.

ಕೆಲವು ದಿನ ಕೆಲಸ ಮಾಡದಿರುವುದಕ್ಕೆ ಬೇರೆ ಕಾರಣಗಳಿರಬಹುದು. ಸಾಮಾನ್ಯ ರೂಟರುಗಳಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರವಿಲ್ಲ. ವಿದ್ಯುತ್ ಹೋಗಿ ಬಂದಾಗ ಅದು ತನ್ನ ಕಡತಗಳಲ್ಲಿ ತೀರ ಹೊಸದಾದುದರ ದಿನಾಂಕವನ್ನು ನೋಡಿ ಸಮಯವನ್ನು ಊಹಿಸಿಕೊಳ್ಳುತ್ತದೆ, ಇಂಟರ್ನೆಟ್ ಸಿಕ್ಕ ಮೇಲೆ ಸರಿಯಾದ ಸಮಯವನ್ನು ಕೇಳಿ ತಿಳಿಯುತ್ತದೆ. ನಡುವಿನ ಹೊತ್ತಿನಲ್ಲಿ ನಿಯಮ ತಪ್ಪು ಗಡಿಯಾರವನ್ನೇ ಪಾಲಿಸುತ್ತದೆ. ಇದಕ್ಕಿಂತ ಹೆಚ್ಚು ಸಾಧ್ಯತೆ ಇರುವುದು ಇನ್ನೊಂದಕ್ಕೆ: ನಿಮ್ಮ ನಿಯಮ ಟ್ಯಾಬ್ಲೆಟ್ಟನ್ನು ಗುರುತಿಸುವುದು ಅದರ ಮ್ಯಾಕ್ ವಿಳಾಸದಿಂದ, ಅಂದರೆ ಅದು ವೈ-ಫೈಗೆ ತೋರಿಸುವ ಗುರುತಿನ ಸಂಖ್ಯೆಯಿಂದ. ಆಂಡ್ರಾಯ್ಡ್ 10 ಮತ್ತು ಐಓಎಸ್ 14ರಿಂದೀಚೆಗೆ ಫೋನು, ಟ್ಯಾಬ್ಲೆಟ್ಟುಗಳು ಖಾಸಗಿತನದ ರಕ್ಷಣೆಗಾಗಿ ತಮ್ಮ ನಿಜವಾದ ಮ್ಯಾಕ್ ವಿಳಾಸವನ್ನು ಬಿಟ್ಟು ಕಲ್ಪಿತ ವಿಳಾಸವೊಂದನ್ನು ತೋರಿಸುತ್ತವೆ. ಆ ವಿಳಾಸ ಬದಲಾದರೆ ನಿಮ್ಮ ನಿಯಮಕ್ಕೆ ಟ್ಯಾಬ್ಲೆಟ್ ಗುರುತೇ ಸಿಗುವುದಿಲ್ಲ. ಜೊತೆಗೆ, ಹತ್ತು ಗಂಟೆಗೆ ಮೊದಲೇ ತೆರೆದುಕೊಂಡ ಸಂಪರ್ಕವನ್ನು ಫೈರ್‌ವಾಲ್ ಕಡಿಯುವುದಿಲ್ಲವಾದ್ದರಿಂದ ನಡೆಯುತ್ತಿರುವ ವಿಡಿಯೊ ಸ್ವಲ್ಪ ಹೊತ್ತು ಮುಂದುವರಿಯಬಹುದು.

ನನ್ನ ಸಲಹೆ ಬೇರೆಯದು. ಮಕ್ಕಳಿಗೆಂದೇ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಇರುವ ಎರಡನೆಯ ವೈ-ಫೈ ಮಾಡಿ. ಮೊದಲು ‘ಯುಸಿಐ ಸೆಟ್ ವೈರ್‌ಲೆಸ್.ಮಕ್ಕಳು='ವೈಫೈ-ಐಫೇಸ್'’ ಎಂದು ಹೆಸರಿರುವ ವಿಭಾಗವೊಂದನ್ನು ಸೃಷ್ಟಿಸಿ; ‘ಮಕ್ಕಳು’ ಎಂಬುದನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು. ನಂತರ ಅದಕ್ಕೆ ಡಿವೈಸ್ 'ರೇಡಿಯೊ0', ಮೋಡ್ 'ಎಪಿ', ನೆಟ್‌ವರ್ಕ್ 'ಲ್ಯಾನ್', ಎನ್ಕ್ರಿಪ್ಷನ್ 'ಪಿಎಸ್‌ಕೆ2', ನಿಮ್ಮಿಷ್ಟದ ಎಸ್‌ಎಸ್‌ಐಡಿ (ವೈ-ಫೈ ಹೆಸರು) ಮತ್ತು ಕನಿಷ್ಠ ಎಂಟು ಅಕ್ಷರಗಳ ಕೀ (ಪಾಸ್‌ವರ್ಡ್) ಎಂಬ ಆಯ್ಕೆಗಳನ್ನು ಒಂದೊಂದಾಗಿ ಸೆಟ್ ಮಾಡಿ. ಆಮೇಲೆ ಕ್ರಾನ್ ಎಂಬ ವೇಳಾಪಟ್ಟಿಯಲ್ಲಿ ಎರಡು ಸಾಲು ಸೇರಿಸಿ: ರಾತ್ರಿ 10ಕ್ಕೆ ಆ ವಿಭಾಗದ ‘ಡಿಸೇಬಲ್ಡ್’ ಆಯ್ಕೆಯನ್ನು '1' ಮಾಡಿ ಕಮಿಟ್ ಮತ್ತು ವೈಫೈ ರಿಲೋಡ್ ಮಾಡುವುದು ಒಂದು, ಬೆಳಿಗ್ಗೆ 6ಕ್ಕೆ ಅದನ್ನೇ '0' ಮಾಡುವುದು ಇನ್ನೊಂದು. ಮ್ಯಾಕ್ ವಿಳಾಸದ ಗೋಜಿಲ್ಲ, ನಡೆಯುತ್ತಿರುವ ವಿಡಿಯೊವೂ ನಿಲ್ಲುತ್ತದೆ. ಆ ಕ್ಷಣಕ್ಕೆ ನಿಮ್ಮ ಫೋನಿನ ವೈ-ಫೈ ಸಹ ಒಮ್ಮೆ ಕಡಿದು ಮತ್ತೆ ಸೇರಿಕೊಳ್ಳಬಹುದು. ಸರಿಯಾಗಿ 10 ಗಂಟೆಗೆ ವಿದ್ಯುತ್ ಇಲ್ಲದಿದ್ದರೆ ಆ ರಾತ್ರಿ ಆಜ್ಞೆ ನಡೆಯುವುದಿಲ್ಲ ಎಂಬ ಕೊರತೆಯಿದೆ. ರೂಟರ್ ಯುಪಿಎಸ್ ಮೇಲಿದ್ದರೆ ಅದೂ ಇಲ್ಲ. ಮಕ್ಕಳಿಗೆ ಈ ವ್ಯವಸ್ಥೆಯನ್ನು ತೋರಿಸಿಯೇ ಮಾಡಿ ಎಂದು ಕೋರುತ್ತೇನೆ. ಎರಡು ಸಾಲುಗಳನ್ನು ಓದಿ ಅರ್ಥಮಾಡಿಕೊಳ್ಳುವ ವಯಸ್ಸಿನವರಾದರೆ ಅವರಿಗೂ ಅದು ಒಂದು ಪಾಠ.

ಪ್ರಶ್ನೆ: ನೆಟ್‌ವರ್ಕ್ ಕಡತದಲ್ಲಿ ಏನೋ ತಪ್ಪು ಬರೆದು ಕಮಿಟ್ ಮಾಡಿದ ಮೇಲೆ ರೂಟರ್ ಕೇಬಲ್ಲಿಗೂ ಸಿಗುತ್ತಿಲ್ಲ, ವೈ-ಫೈಗೂ ಸಿಗುತ್ತಿಲ್ಲ. ಅದನ್ನು ಎಸೆಯಬೇಕೇ? (ಉಡುಪಿ)

ಉತ್ತರ: ಎಸೆಯಬೇಡಿ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಮೂಲ ವ್ಯವಸ್ಥೆ ಫ್ಲ್ಯಾಶಿನ ಒಂದು ಭಾಗದಲ್ಲಿ ಓದಲು ಮಾತ್ರ ಬರುವಂತೆ ಭದ್ರವಾಗಿರುತ್ತದೆ. ನೀವು ಬರೆದದ್ದೆಲ್ಲ ಅದರ ಮೇಲಿನ ಇನ್ನೊಂದು ಪದರದಲ್ಲಿರುತ್ತದೆ. ಆ ಮೇಲುಪದರವನ್ನು ಬಿಟ್ಟು ರೂಟರನ್ನು ಎಬ್ಬಿಸುವ ಕ್ರಮಕ್ಕೆ ಫೇಲ್‌ಸೇಫ್ ಎನ್ನುತ್ತಾರೆ. ಕಂಪ್ಯೂಟರನ್ನು ಕೇಬಲ್ಲಿನಿಂದ ರೂಟರಿನ ಲ್ಯಾನ್ ಕಿಂಡಿಗೆ ಜೋಡಿಸಿ, ಕಂಪ್ಯೂಟರಿಗೆ 192.168.1.2 ಎಂಬ ವಿಳಾಸವನ್ನು ಕೈಯಿಂದಲೇ ಕೊಡಿ, ಏಕೆಂದರೆ ಈ ಸ್ಥಿತಿಯಲ್ಲಿ ರೂಟರ್ ವಿಳಾಸ ಹಂಚುವುದಿಲ್ಲ. ರೂಟರಿಗೆ ವಿದ್ಯುತ್ ಕೊಟ್ಟು ಅದರ ದೀಪ ಬೇಗ ಬೇಗ ಮಿನುಗತೊಡಗಿದ ಕೂಡಲೇ ರೀಸೆಟ್ ಗುಂಡಿಯನ್ನು ಒತ್ತಿ. ಮಿನುಗು ಇನ್ನೂ ವೇಗವಾದರೆ ಫೇಲ್‌ಸೇಫ್ ಸಿಕ್ಕಿತೆಂದು ಅರ್ಥ. ಒಂದೆರಡು ಸಲ ತಪ್ಪಿದರೆ ಧೃತಿಗೆಡಬೇಡಿ, ಗುಂಡಿ ಒತ್ತುವ ಹೊತ್ತು ಹಿಡಿಯಲು ಸ್ವಲ್ಪ ಅಭ್ಯಾಸ ಬೇಕು.

ಆಮೇಲೆ 192.168.1.1ಕ್ಕೆ ರೂಟ್ ಹೆಸರಿನಲ್ಲಿ ಎಸ್‌ಎಸ್‌ಎಚ್ ಮಾಡಿದರೆ ಪಾಸ್‌ವರ್ಡ್ ಇಲ್ಲದೆಯೇ ಒಳಗೆ ಬರಬಹುದು. ‘ಮೌಂಟ್_ರೂಟ್’ ಎಂದು ಬರೆದರೆ ನಿಮ್ಮ ಮೇಲುಪದರ ಮತ್ತೆ ಕೈಗೆ ಸಿಗುತ್ತದೆ. /ಇಟಿಸಿ/ಕಾನ್ಫಿಗ್/ನೆಟ್‌ವರ್ಕ್ ಕಡತವನ್ನು ತೆರೆದು ತಪ್ಪನ್ನು ತಿದ್ದಿ ‘ರೀಬೂಟ್’ ಮಾಡಿ. ತಪ್ಪು ಎಲ್ಲಿದೆ ಎಂದು ತಿಳಿಯದಿದ್ದರೆ ‘ಫಸ್ಟ್‌ಬೂಟ್’ ಎಂಬ ಆಜ್ಞೆ ಮೇಲುಪದರವನ್ನೇ ಅಳಿಸಿ, ಹೊಸದಾಗಿ ಹಾಕಿದ ದಿನದ ಸ್ಥಿತಿಗೆ ರೂಟರನ್ನು ತರುತ್ತದೆ. ಹೊಸ ರೂಟರ್ ಕೊಳ್ಳುವ ಯೋಚನೆ ಇರುವವರು ಗಮನಿಸಬಹುದು: 2024ರ ನವೆಂಬರ್‌ನಲ್ಲಿ ಬಂದ ‘ಓಪನ್‌ಡಬ್ಲ್ಯುಆರ್‌ಟಿ ಒನ್’ ಎಂಬ ಯಂತ್ರವನ್ನು ಯೋಜನೆಯವರೇ ರೂಪಿಸಿದ್ದು, ಅದರಲ್ಲಿ ಇಂಥ ಸಂದರ್ಭಕ್ಕೆಂದೇ ಎರಡನೆಯ ಫ್ಲ್ಯಾಶ್ ಚಿಪ್ ಮತ್ತು ಅದರಿಂದ ಎಬ್ಬಿಸಲು ಒಂದು ಸ್ವಿಚ್ ಇಟ್ಟಿದ್ದಾರೆ.

ರೂಟರ್ ಮತ್ತೆ ಎದ್ದ ದಿನವೇ ಮಾಡಬೇಕಾದ ಕೆಲಸವೊಂದಿದೆ. ‘ಸಿಸ್‌ಅಪ್‌ಗ್ರೇಡ್ -ಬಿ’ ಎಂದು ಬರೆದು ಅದರ ಮುಂದೆ /ಟೆಂಪ್ ಫೋಲ್ಡರಿನ ಒಂದು ಕಡತದ ಹೆಸರನ್ನು ಕೊಟ್ಟರೆ ಎಲ್ಲ ಸೆಟ್ಟಿಂಗುಗಳ ಪ್ರತಿಯೊಂದು ತಯಾರಾಗುತ್ತದೆ. ಅದು ಇರುವುದು ರ್ಯಾಮ್‌ನಲ್ಲಿ, ಆದ್ದರಿಂದ ಕೂಡಲೇ ಕಡತ ಸಾಗಿಸುವ ಎಸ್‌ಸಿಪಿ ಆಜ್ಞೆಯ ಮೂಲಕ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಹೊಸ ಕಂಪ್ಯೂಟರುಗಳಲ್ಲಿ ಎಸ್‌ಸಿಪಿ ದೋಷ ತೋರಿಸಿ ನಿಂತರೆ ಆಜ್ಞೆಗೆ ಅಡ್ಡಗೆರೆಯೊಂದಿಗೆ ಇಂಗ್ಲಿಷಿನ ದೊಡ್ಡ ‘ಓ’ ಅಕ್ಷರವನ್ನು ಸೇರಿಸಿ. 2022ರಿಂದೀಚಿನ ಎಸ್‌ಸಿಪಿ ಆವೃತ್ತಿಗಳು ಬಳಸುವ ಹೊಸ ವಿಧಾನ ರೂಟರಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಆ ಅಕ್ಷರ ಹಳೆಯ ವಿಧಾನವನ್ನೇ ಬಳಸುವಂತೆ ಹೇಳುತ್ತದೆ. ಆ ಪ್ರತಿಯಲ್ಲಿ ನಿಮ್ಮ ಪಾಸ್‌ವರ್ಡುಗಳೂ ಇರುವುದರಿಂದ ಅದನ್ನು ಮಿಂಚಂಚೆಯಲ್ಲಿ ಯಾರಿಗೂ ಕಳುಹಿಸದೆ ಮನೆಯಲ್ಲೇ ಇಟ್ಟುಕೊಳ್ಳಿ.